ಕೆಳಗಿನ ಗೆರೆ

ಶಾಲನ್ನು ಹೇಗೆ ಮಡಚಬೇಕೆಂದು ಪ್ರಮಿಲಾಳಿಗೆ ತಿಳಿಯಲಿಲ್ಲ. ಬೀದರಿನ ಬಸ್ ನಿಲ್ದಾಣದಲ್ಲಿ ಔರಾದಿನ ಬಸ್ಸು ಹತ್ತಿ ಎಡಗಡೆಯ ಮೂರನೇ ಸೀಟಿನಲ್ಲಿ ಕೂತು ಕಾಲು ತಾಸಾಗಿತ್ತು. ಅಷ್ಟರಲ್ಲಿ ನಾಲ್ಕು ಸಲ ಮಡಚಿ ನಾಲ್ಕು ಸಲ ಬಿಚ್ಚಿದ್ದಳು. ಉದ್ದಕ್ಕೆ ಮಡಚಿದರೆ ಜರಿಯಂಚು ಹೊರಬಂದು ಹೊಳೆಯುತ್ತಿತ್ತು. ಅಂಚನ್ನು ಒಳಗೆ ಮಾಡಿದರೆ ಉಬ್ಬಿಕೊಂಡು ಚೀಲಕ್ಕೆ ಹಿಡಿಸುತ್ತಿರಲಿಲ್ಲ. ಚೀಲದಲ್ಲಿ ಆಗಲೇ ಒಂದು ಗಾಜಿನ ಫಲಕವಿತ್ತು. ಅದರ ಮೇಲೆ ಅವಳ ಹೆಸರು, ಹೆಸರಿನ ಕೆಳಗೆ ‘ನಿಷ್ಠಾ ಪುರಸ್ಕಾರ’. ಆದರೆ ಅವಳನ್ನು ಕಾಡುತ್ತಿದ್ದುದು ಶಾಲಲ್ಲ, ಫಲಕವೂ ಅಲ್ಲ. ಒಂದೇ ಒಂದು ಸಂಗತಿ ನೆನಪಿಗೆ ಬರುತ್ತಿರಲಿಲ್ಲ. ಎರಡು ತಾಸಿನ ಹಿಂದೆ ಹೋಟೆಲಿನ ಆ ತಣ್ಣನೆಯ ಸಭಾಂಗಣದಲ್ಲಿ, ಪರದೆಯ ಮೇಲೆ ಎರಡು ಗೆರೆಗಳು ಮೂಡಿ ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದೆನೇ? ಫಲಕ ಕೈಯಲ್ಲಿದ್ದರೆ ತಟ್ಟಲು ಆಗುತ್ತಿರಲಿಲ್ಲ ಎಂದು ಮೊದಲು ಅನ್ನಿಸಿ ಸಮಾಧಾನವಾಯಿತು. ಆಮೇಲೆ ನೆನಪಾಯಿತು, ಗಾಜಿನ ಅಂಚು ಚುಚ್ಚುತ್ತದೆಂದು ಫಲಕವನ್ನು ಕುರ್ಚಿಯ ಕೆಳಗಿಟ್ಟಿದ್ದಳು. ಕೈಗಳು ಖಾಲಿಯೇ ಇದ್ದವು. ಖಾಲಿ ಕೈಗಳು ಏನು ಮಾಡಿದವು?

ಕಂಡಕ್ಟರ್ ಬಂದು ಆಧಾರ್ ಕಾರ್ಡು ನೋಡಿ ಸೊನ್ನೆ ದರದ ಚೀಟಿ ಹರಿದುಕೊಟ್ಟ. ಪರಿಚಯದ ಮುಖ, ಭಾಲ್ಕಿಯ ಮನೆಗೆ ಹೋಗಿಬರುವ ಶನಿವಾರ ಸೋಮವಾರಗಳಲ್ಲಿ ಅವಳನ್ನು ನೋಡುತ್ತಿದ್ದವನು. ಮಡಿಲಲ್ಲಿ ಹರಡಿದ್ದ ಶಾಲನ್ನು ನೋಡಿ, “ಏನ್ರಿ ಬಾಯಿ, ರಿಟೈರ್ ಆದ್ರೇನು?” ಎಂದ. ಹಿಂದಿನ ಸೀಟಿನ ಹೆಂಗಸರು ನಕ್ಕರು. ಪ್ರಮಿಲಾ ತಾನೂ ನಕ್ಕಳು. ನಲವತ್ತೊಂಬತ್ತಕ್ಕೇ ರಿಟೈರ್ ಆದಂತೆ ಕಾಣುತ್ತೇನೆಯೇ ಎಂದು ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. ಗಾಜಿನಲ್ಲಿ ಮುಖಕ್ಕಿಂತ ಹೆಚ್ಚಾಗಿ ಧೂಳಿತ್ತು. ಅಷ್ಟರಲ್ಲಿ ಫೋನು ಮಿಡಿಯಿತು. ಭಾಲ್ಕಿಯಿಂದ ಗಂಡ ಭಾಲಚಂದ್ರ, ಬೇಳೆಕಾಳಿನ ಅಂಗಡಿಯಲ್ಲಿ ಗುಮಾಸ್ತ. ಅವಳು ಕಳಿಸಿದ್ದ ಸನ್ಮಾನದ ಫೋಟೋವನ್ನು ಮನೆತನದ ಗ್ರೂಪಿಗೆ ಹಾಕಿಬಿಟ್ಟಿದ್ದನಂತೆ. ಇಪ್ಪತ್ತೆರಡು ಮಂದಿ ಕೈ ಮುಗಿದಿದ್ದಾರಂತೆ, ನಾಂದೇಡದ ಅತ್ತಿಗೆ ಮರಾಠಿಯಲ್ಲಿ ಉದ್ದಕ್ಕೆ ಬರೆದಿದ್ದಾಳಂತೆ. ಅದನ್ನು ತೆಗೆದುಬಿಡಿ ಎಂದು ಹೇಳಬೇಕೆಂದುಕೊಂಡಳು. ಯಾಕೆ ಎಂದು ಕೇಳಿದರೆ ಹೇಳುವುದು ಒಂದು ಮಾತಿನಲ್ಲಿ ಮುಗಿಯುತ್ತಿರಲಿಲ್ಲ. ಬಸ್ಸು ಹೊರಡುತ್ತಿದೆ, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಫೋನು ಇಟ್ಟಳು. ಬಸ್ಸು ಇನ್ನೂ ನಿಂತೇ ಇತ್ತು.

ಸಭಾಂಗಣದ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿ ಬೆನ್ನಿಗೆ ಗಂಟು ಕಟ್ಟಿದ್ದರು. ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ನಲವತ್ತು ಸಾಲಿಗಳ ಶಿಕ್ಷಕಿಯರು, ಊರವರು ಬಾಯಿ ಎಂದು ಕರೆಯುವವರು, ಆ ಗಂಟುಗಳಿಗೆ ಒರಗಲು ಸಂಕೋಚಪಟ್ಟು ನೆಟ್ಟಗೆ ಕೂತಿದ್ದರು. ಮೊದಲು ಸನ್ಮಾನ. ಈ ಸಾಲಿಗಳನ್ನು ನಡೆಸುವ ಹೊರದೇಶದ ಸಂಸ್ಥೆಯ ಮರೈಕೆ ಮ್ಯಾಡಂ ತಾವೇ ವೇದಿಕೆಯ ಅಂಚಿಗೆ ಬಂದು ಅವಳ ಕೈ ಹಿಡಿದು ಹತ್ತಿಸಿಕೊಂಡರು. ಶಾಲು ಹೊದಿಸಿ ಅಪ್ಪಿಕೊಂಡು, ಕಿವಿಯ ಹತ್ತಿರ, “ಪ್ರಮಿಲಾ, ಪುಂಡಿಪಲ್ಯ” ಎಂದರು. ಮೂರು ವರ್ಷ ನೆನಪಿಟ್ಟುಕೊಂಡಿದ್ದರು. ಪ್ರಮಿಲಾಳ ಕಣ್ಣು ತುಂಬಿತು. ಸಂಯೋಜಕ ಆಶೀಷ ಮೈಕಿನಲ್ಲಿ, ನಲವತ್ತು ಸಾಲಿಗಳಲ್ಲಿ ಟ್ಯಾಬಿನಲ್ಲಿದ್ದ ಪಾಠವನ್ನು ಒಂದು ಅಕ್ಷರ ಹೆಚ್ಚಿಲ್ಲದೆ ಒಂದು ಅಕ್ಷರ ಕಮ್ಮಿಯಿಲ್ಲದೆ ನಡೆಸಿದವರು ಸಂತಪುರದ ಪ್ರಮಿಲಾ ಬಾಯಿ, ನೂರಕ್ಕೆ ತೊಂಬತ್ತೆಂಟು ಎಂದು ಸಾರಿದ. ಕೆಳಗಿಳಿದು ಬಂದು ಕೂತ ಮೇಲೂ ಆ ಅಪ್ಪುಗೆಯ ಸಾಬೂನಿನ ವಾಸನೆ ಶಾಲಿನಲ್ಲಿ ಉಳಿದಿತ್ತು. ಈಗಲೂ ಇತ್ತು. ಬಸ್ಸು ಹೊರಟು ಗಾಳಿ ಒಳನುಗ್ಗಿದಾಗ ಅದು ಒಮ್ಮೆ ಎದ್ದು ಬಂತು.

ಆ ವಾಸನೆಯ ಹಿಂದೆಯೇ ಮೂರು ವರ್ಷದ ಹಿಂದಿನ ಅವಳ ಬಾಡಿಗೆಯ ಕೋಣೆ ನೆನಪಿಗೆ ಬಂತು. ಸಂತಪುರದಲ್ಲಿ ಜನ ‘ಹೊಸ ಸಾಲಿ’ ಎನ್ನುವ ಆ ಶಾಲೆ ಆಗ ಇನ್ನೂ ಶುರುವಾಗಿರಲಿಲ್ಲ. ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಮರೈಕೆ ಮ್ಯಾಡಂ ಎಲ್ಲ ಬಾಯಿಯವರ ಮನೆಗೆ ಹೋಗಿ ಮಾತಾಡಿಸುತ್ತಾರೆ ಎಂದು ಆಶೀಷ ಕರೆತಂದಿದ್ದ. ಅವರು ನೆಲದ ಮೇಲೆ ಕೂತು ಜೋಳದ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡು ತಿಂದರು, ಹುಳಿಗೆ ಕಣ್ಣು ಮುಚ್ಚಿದರು. ನೀವು ಮಕ್ಕಳಿಗೆ ಅಕ್ಷರ ಹೇಗೆ ಕಲಿಸುತ್ತಿದ್ದಿರಿ ಎಂದು ಆಶೀಷನ ಬಾಯಿಂದ ಕೇಳಿಸಿದರು. ಭಾಲ್ಕಿಯ ಖಾಸಗಿ ಸಾಲಿಯಲ್ಲಿ ಹದಿನೆಂಟು ವರ್ಷ ಕಲಿಸಿದ್ದಳು, ಅದನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಅವಳು ಟ್ರಂಕಿನಿಂದ ಹಿತ್ತಾಳೆಯ ತಟ್ಟೆ ತೆಗೆದು, ಡಬ್ಬಿಯಲ್ಲಿದ್ದ ಮಾಂಜ್ರಾ ಹೊಳೆಯ ಮರಳನ್ನು ಸುರಿದು, ಅಂಗೈಯಿಂದ ಸಮ ಮಾಡಿದಳು. ತನಗೆ ಅಕ್ಷರ ಕಲಿಸಿದ ಕಸ್ತೂರಿಬಾಯಿಯವರ ತಟ್ಟೆ ಅದು. ಮಗುವಿನ ಬೆರಳು ಹಿಡಿದು ತಿದ್ದಿಸಬಾರದು, ಮಣಿಕಟ್ಟನ್ನು ಹಿಡಿಯಬೇಕು. ಬೆರಳು ಹಿಡಿದರೆ ಅಕ್ಷರ ನಮ್ಮದಾಗುತ್ತದೆ, ಮಣಿಕಟ್ಟು ಹಿಡಿದರೆ ಮಗುವಿನದು. ಮೊದಲು ಅ ಆ ಅಲ್ಲ, ಮಗುವಿನ ತಾಯಿಯ ಹೆಸರು. ಬರೆದಾದ ಮೇಲೆ ಮಗುವೇ ಊದಿ ಅಳಿಸಬೇಕು. ತಪ್ಪನ್ನು ಊದಿಬಿಡಬಹುದು ಎಂದು ಗೊತ್ತಾದರೆ ಹೆದರಿಕೆ ಹೋಗುತ್ತದೆ. ಮರೈಕೆ ಮ್ಯಾಡಂ ತಮ್ಮ ಮಣಿಕಟ್ಟನ್ನು ಅವಳ ಕೈಗೆ ಕೊಟ್ಟು ತಮ್ಮ ತಾಯಿಯ ಹೆಸರನ್ನು ಕನ್ನಡದಲ್ಲಿ ಬರೆದರು. ಊದಿ ಅಳಿಸಿದರು. ನಕ್ಕರು. ಆಮೇಲೆ ಎಲ್ಲವನ್ನೂ, ಮಣಿಕಟ್ಟಿನ ಮಾತನ್ನೂ ಊದುವ ಮಾತನ್ನೂ, ಸಣ್ಣ ಅಕ್ಷರಗಳಲ್ಲಿ ಬರೆದುಕೊಂಡರು. ಆ ದಿನ ಪ್ರಮಿಲಾಳಿಗೆ ತನ್ನ ಆಯುಷ್ಯದಲ್ಲಿ ಮೊದಲ ಸಲ ಯಾರೋ ತನ್ನ ಕೈ ನೋಡಿದರು ಎನ್ನಿಸಿತ್ತು.

ಆದರೆ ಸಾಲಿ ಶುರುವಾಗಿ ಟ್ಯಾಬು ಬಂದಾಗ ಅದರಲ್ಲಿ ಮರಳಿರಲಿಲ್ಲ. ಅಕ್ಷರಗಳೂ ಇರಲಿಲ್ಲ. ಹಾಡು, ಕೈ ತೊಳೆಯುವುದು, ಎಣಿಕೆ, ಮತ್ತು ಕತೆ. ಬಾಯಿಯವರು ಟ್ಯಾಬು ನೋಡಿ ಗಟ್ಟಿಯಾಗಿ ಓದುವುದು, ಮಕ್ಕಳು ಚಿತ್ರದ ಪುಸ್ತಕ ಹಿಡಿದು ಕೇಳುವುದು. ಮೊದಲನೆಯ ತಿಂಗಳು ಅವಳು ತಟ್ಟೆಯನ್ನು ಕೋಣೆಯ ಮೂಲೆಯಲ್ಲಿಟ್ಟುಕೊಂಡಿದ್ದಳು, ಕತೆ ಮುಗಿದ ಮೇಲೆ ಹತ್ತು ನಿಮಿಷ ಎಂದು. ಆಶೀಷ ನೋಡಿದ. ಬಯ್ಯಲಿಲ್ಲ, ಅವನು ಎಂದೂ ಬಯ್ಯುವವನಲ್ಲ. ಆ ತಿಂಗಳ ನಿಷ್ಠೆಯ ಅಂಕ ಕಳೆದ. ಮೊದಲು ಮಗುವಿನ ಕಿವಿ ತುಂಬಬೇಕು, ತುಂಬಿದ ಮೇಲೆ ಓದು ತಾನಾಗಿಯೇ ಬರುತ್ತದೆ, ಇದರ ಹಿಂದೆ ದೊಡ್ಡ ವಿಚಾರವಿದೆ ಎಂದ. ಅವಳು ನಂಬಿದಳು. ನಂಬದೆ ಏನು? ಅವರ ದೇಶದಲ್ಲಿ ಓದಲು ಬಾರದ ಮಗು ಒಂದೂ ಇಲ್ಲವಂತೆ. ಅವಳದು ಭಾಲ್ಕಿಯ ಡಿ.ಎಡ್., ಮರಾಠಿ ಬೆರೆತ ಕನ್ನಡ, ಒಂದು ಹಿತ್ತಾಳೆ ತಟ್ಟೆ. ಅಂಕ ಕಳೆದದ್ದರಿಂದ ಆದ ಅವಮಾನ ಎರಡು ದಿನ ಊಟ ಸೇರಗೊಡಲಿಲ್ಲ. ಮೂರನೇ ದಿನ ತಟ್ಟೆಯನ್ನು ಕೋಣೆಗೆ ತಂದು ಅಕ್ಕಿ ಆರಿಸಲು ಇಟ್ಟುಕೊಂಡಳು. ಅಂದಿನಿಂದ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿಯಿಲ್ಲ.

ಎಷ್ಟು ನಿಷ್ಠೆಯೆಂದರೆ ಮೊದಮೊದಲು ಸೂಚನೆಗಳನ್ನೂ ಓದಿಬಿಟ್ಟಿದ್ದಳು. ಟ್ಯಾಬಿನಲ್ಲಿ ಎಲ್ಲವೂ ಒಂದೇ ಕಪ್ಪು ಅಕ್ಷರ. ‘ಮುಳ್ಳುಹಂದಿ ಮರಿಗೆ ನಾಲ್ಕು ಹಳದಿ ಬೂಟುಗಳಿದ್ದವು. ಮೂರು ಎಣಿಸುವವರೆಗೆ ತಡೆಯಿರಿ. ಮಕ್ಕಳ ಕಡೆ ನೋಡಿ ನಗಿರಿ. ಒಂದು ದಿನ ಹಿಮ ಬಿದ್ದಿತು.’ ಅವಳು ಎಲ್ಲವನ್ನೂ ಓದಿದಳು, ಓದಿ ತಡೆದಳು, ತಡೆದು ನಕ್ಕಳು. ಸೂಚನೆ ಓದುವುದಕ್ಕಲ್ಲ, ಮಾಡುವುದಕ್ಕೆ ಎಂದು ಆಶೀಷ ತಿಳಿಸಿಹೇಳುವ ಹೊತ್ತಿಗೆ ಮಕ್ಕಳಿಗೆ ಅದು ಕತೆಯ ಭಾಗವೇ ಆಗಿಹೋಗಿತ್ತು. ಅವಳು ಬಿಟ್ಟು ಓದಿದರೆ ಮೂವತ್ತೊಂದು ಮಕ್ಕಳು ಒಟ್ಟಿಗೆ, ಬಾಯಿ, ‘ನಗಿರಿ’ ಬಿಟ್ರಿ ಎಂದು ಕೂಗುತ್ತಿದ್ದರು. ಕೊನೆಯ ವರ್ಷದ ಲೆಕ್ಕದಲ್ಲಿ ಆಶೀಷ ಅದಕ್ಕೆ ಮಾತ್ರ ಎರಡು ಅಂಕ ಕಳೆದಿದ್ದ. ನೂರರಲ್ಲಿ ಉಳಿದದ್ದು ತೊಂಬತ್ತೆಂಟು.

ಬಸ್ಸು ಊರು ದಾಟಿತು. ಎರಡೂ ಕಡೆ ತೊಗರಿ ಕೊಯ್ದ ಹೊಲಗಳು, ಕೂಳೆಯ ನಡುವೆ ಆಡುಗಳು. ಸನ್ಮಾನ ಮುಗಿದ ಮೇಲೆ ದೀಪ ಆರಿಸಿದ್ದರು. ಪರದೆಯ ಮೇಲೆ ಮಕ್ಕಳ ಓದಿನ ಲೆಕ್ಕದ ಎರಡು ಗೆರೆ, ಒಂದು ಹಸಿರು, ಒಂದು ಬೂದು. ಎಡಗಡೆ ಎರಡೂ ಒಂದೇ ಬಿಂದುವಿನಿಂದ ಹೊರಟು ಒಂದು ವರ್ಷ ಜೊತೆಜೊತೆಗೇ ನಡೆದು, ಆಮೇಲೆ ಕವಲು ಹಾದಿಯ ಗಾಡಿಗಾಲಿಯ ಗುರುತುಗಳ ಹಾಗೆ ಅಗಲುತ್ತ ಹೋಗಿದ್ದವು. ಹಸಿರು ಮೇಲಕ್ಕೆ. ಬೂದು ನೆಲ ಹಿಡಿದು. ಮರೈಕೆ ಮ್ಯಾಡಂ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಶೀಷ ಕನ್ನಡಕ್ಕೆ ತಂದ. ಈ ಎರಡು ಗೆರೆಗಳ ನಡುವಿನ ಅಂತರ ಇದೆಯಲ್ಲ, ಇದೇ ನಾವು ಮೂರು ವರ್ಷ ದುಡಿದು ಗಳಿಸಿದ್ದು. ಇದನ್ನು ತೋರಿಸಿದರೆ ಇನ್ನೂ ಹನ್ನೊಂದು ದೇಶಗಳ ಬಡಮಕ್ಕಳಿಗೆ ಈ ಪಾಠ ಸಿಗುತ್ತದೆ. ಚಪ್ಪಾಳೆ. ಮುಂದಿನ ಸಾಲಿನಿಂದ ಶುರುವಾಗಿ ಹಿಂದಕ್ಕೆ ಹಬ್ಬಿತು. ಆಗಲೇ, ಅಥವಾ ಅದಾದ ಮೇಲೆ, ಗೆರೆಗಳ ಕೆಳಗೆ ಸಾಲಿಗಳ ಗುರುತಿನ ಅಂಕಿಗಳು ಸಣ್ಣದಾಗಿ ಕಂಡವು. ಬೂದು ಗೆರೆಯ ಕೆಳಗೆ ಹದಿನೇಳು. ಅವಳ ಹಾಜರಿಪಟ್ಟಿಯ ಮೇಲೆ, ಟ್ಯಾಬಿನ ಬೆನ್ನ ಮೇಲೆ, ಕೊಡಪಾನದ ಮೇಲೆ ಕೂಡ ಬರೆದಿದ್ದ ಹದಿನೇಳು. ಆಗಲೋ, ಅದಾದ ಮೇಲೋ? ಅದೊಂದೇ ತಿಳಿಯಬೇಕಾಗಿತ್ತು. ಅಂಕಿ ನೋಡುವ ಮೊದಲು ತಟ್ಟಿದ್ದರೆ ಅದು ಅಜ್ಞಾನ. ನೋಡಿದ ಮೇಲೂ ಕೈ ನಿಲ್ಲದಿದ್ದರೆ ಅದಕ್ಕೇನು ಹೆಸರು?

ಆಮೇಲಿನ ಚಿತ್ರದಲ್ಲಿ ಒಂದು ಮಗು ಮರಳಿನ ತಟ್ಟೆಯ ಮುಂದೆ ಕೂತಿತ್ತು. ತುಟಿ ಮುಂದೆ ಮಾಡಿ ಊದುತ್ತಿತ್ತು. ಯಾರದೋ ಬಳೆಯ ಕೈ ಅದರ ಮಣಿಕಟ್ಟನ್ನು ಹಿಡಿದಿತ್ತು.

ಬಳೆ ಎಕಂಬಾದ ವರದಾಳದು. ಊಟದ ಸಾಲಿನಲ್ಲಿ ಪ್ರಮಿಲಾ ಅವಳನ್ನು ಹಿಡಿದು ಕೇಳಿದಳು. ಎಕಂಬಾದ ಸಾಲಿಯವಳು, ಇಪ್ಪತ್ತೇಳರ ಹುಡುಗಿ, ಮೂರು ವರ್ಷದಿಂದ ಬೇರೆ ತಂಡದಲ್ಲಿ ತರಬೇತಿ ಪಡೆದವಳು. ಇವರ ತಂಡಕ್ಕೆ ಮಂಗಳವಾರ, ಅವರ ತಂಡಕ್ಕೆ ಗುರುವಾರ. ಒಬ್ಬರ ಪಾಠ ಒಬ್ಬರಿಗೆ ತೋರಿಸಬಾರದೆಂದು ಮೊದಲ ದಿನವೇ ಹೇಳಿದ್ದರು. ವರದಾ ಕೈಯಲ್ಲಿ ಊಟದ ತಟ್ಟೆ ಹಿಡಿದು ನಿಷ್ಕಪಟವಾಗಿ ಹೇಳಿದ್ದಳು, “ಆ ಮರಳಿನ ಪಾಠ ನಮ್ಮ ಟ್ಯಾಬಿನ್ಯಾಗ ಮೊದಲ್ನೇ ವಾರಕ್ಕೇ ಇತ್ತಲ್ರಿ ಬಾಯಿ. ತಾಯಿ ಹೆಸರು ಬರಸೂದು, ಊದಿ ಅಳಸೂದು. ಯಾಕ್ರಿ, ನಿಮ್ಮದ್ರಾಗ ಇರ್ಲಿಲ್ಲೇನು?”

ಇದೇ ವರದಾಳ ಮೇಲೆ ಪ್ರಮಿಲಾ ಚಾಡಿ ಹೇಳಿದ್ದಳು. ಎರಡನೇ ವರ್ಷ ಔರಾದಿನಲ್ಲಿ ಮಕ್ಕಳ ಆಟದ ದಿನ ಎಕಂಬಾದ ಮಕ್ಕಳು ಗೋಡೆಯ ಮೇಲಿನ ಜಾಹೀರಾತು ಓದುತ್ತ ಹೋದದ್ದನ್ನು ನೋಡಿ ಅವಳಿಗೆ ಸಹಿಸಲಾಗಿರಲಿಲ್ಲ. ಸಂಜೆ ಆಶೀಷನನ್ನು ಪಕ್ಕಕ್ಕೆ ಕರೆದು, ಆ ಹುಡುಗಿ ಟ್ಯಾಬು ಬದಿಗಿಟ್ಟು ಕದ್ದು ಅಕ್ಷರ ಕಲಿಸುತ್ತಾಳೆ, ಅವಳಿಗೆ ಹೇಗೆ ಅಂಕ ಕೊಡುತ್ತೀರಿ ಎಂದಿದ್ದಳು. ಆಶೀಷ ನಕ್ಕು, ನೋಡ್ತೇವ್ರಿ ಎಂದ. ಆ ನಗು ಈಗ ಬಸ್ಸಿನಲ್ಲಿ ಅವಳಿಗೆ ಎದುರಾಯಿತು. ಅವನು ಎಲ್ಲ ತಿಳಿದು ನಕ್ಕಿದ್ದ. ಇಂದು ಮಧ್ಯಾಹ್ನ ಊಟದ ಮೇಲೆ ಅವಳು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದಾಗ ಮಾತ್ರ ನಗಲಿಲ್ಲ. ವಿನಯದಿಂದ, ಕೈ ಕಟ್ಟಿಕೊಂಡು, ಮಗ ತಾಯಿಗೆ ತಿಳಿಸಿಹೇಳುವ ಹಾಗೆ ಹೇಳಿದ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಕೆಲವರಿಗೆ ಕೊಡಬಾರದು, ಹಾಗೆ. ಚೀಟಿ ಎತ್ತಿ ಓದುವ ಪಾಠಕ್ಕೆ ಇಪ್ಪತ್ತು ಸಾಲಿ ಆರಿಸಿದ್ದರಂತೆ. ಸಂತಪುರ ಬರಲಿಲ್ಲವಂತೆ, ಯಾರ ತಪ್ಪೂ ಅಲ್ಲ. ಮುಂದಿನ ಜೂನಿನಿಂದ ಇವರ ಸಾಲಿಗೂ ಓದುವ ಪಾಠ ಬರುತ್ತದಂತೆ.

“ಈ ಮೂರು ವರ್ಷ ನನ್ನ ಕಡೆ ಕಲ್ತ ಹುಡುಗ್ರು?” ಎಂದು ಅವಳು ಕೇಳಿದಳು.

“ಅವ್ರದ್ದು ಮುಗೀತಲ್ರಿ ಮ್ಯಾಡಂ,” ಎಂದ ಆಶೀಷ. ಆಮೇಲೆ, ಸಮಾಧಾನಕ್ಕೆ, “ಖರೇ ಹೇಳಬೇಕಂದ್ರ ನಿಮ್ಮಂಥವ್ರಿಂದಾನೇ ಈ ಲೆಕ್ಕ ಪಕ್ಕಾ ಆತು. ಉಳಿದ ಬಾಯಿಯವ್ರು ನಡುವ ನಡುವ ತಾವೇ ಅಕ್ಷರ ಹೇಳಿಕೊಟ್ಟುಬಿಟ್ರು. ನಿಮ್ಮ ಸಾಲಿ ಒಂದೇ ಶುದ್ಧ ಉಳೀತು.”

ಶುದ್ಧ. ಅವಳು ಆ ಪದವನ್ನು ಬಸ್ಸಿನ ಸದ್ದಿನಲ್ಲಿ ನಾಲ್ಕೈದು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಉಳಿದವರು ಕದ್ದು ಕಲಿಸಿದ್ದರು. ಟ್ಯಾಬು ಮುಚ್ಚಿ, ಬಾಗಿಲು ಓರೆ ಮಾಡಿ, ಅಂಕ ಹೋದರೆ ಹೋಗಲಿ ಎಂದು ಹೇಳಿಕೊಟ್ಟಿದ್ದರು. ನಿಷ್ಠೆ ಇಲ್ಲದವರು, ಮಾತು ಕೇಳದವರು, ತರಬೇತಿಯಲ್ಲಿ ಹಿಂದೆ ಕೂತು ಶೇಂಗಾ ತಿನ್ನುತ್ತಿದ್ದವರು. ಮರೈಕೆ ಮ್ಯಾಡಂ ಮೋಸ ಮಾಡಿದರು ಎಂದುಕೊಂಡಾಗ ಮನಸ್ಸು ಹಗುರಾಗುತ್ತಿತ್ತು. ಸಿಟ್ಟು ಬೆಚ್ಚಗೆ ಏರುತ್ತಿತ್ತು. ತನ್ನ ತಟ್ಟೆ ತೆಗೆದುಕೊಂಡು ಎಕಂಬಾಕ್ಕೆ ಕೊಟ್ಟರು, ತನ್ನ ಮಕ್ಕಳಿಗೆ ಕೊಡಲಿಲ್ಲ. ಆದರೆ ತಟ್ಟೆ ಅವರು ಒಯ್ದಿರಲಿಲ್ಲ. ಬರೆದುಕೊಂಡು ಹೋಗಿದ್ದರು ಅಷ್ಟೇ. ತಟ್ಟೆ ಅವಳ ಕೋಣೆಯಲ್ಲೇ ಇತ್ತು, ಸಾಲಿಯಿಂದ ಮುನ್ನೂರು ಹೆಜ್ಜೆ ದೂರ, ಮೂರು ವರ್ಷ. ಸಿಟ್ಟು ಅಲ್ಲಿಗೆ ಬಂದು ಇಳಿದುಬಿಡುತ್ತಿತ್ತು. ಬಸ್ಸು ಮಾಂಜ್ರಾ ಸೇತುವೆ ಹತ್ತಿತು. ಕೆಳಗೆ ನೀರು ಒಂದು ಬದಿಗೆ ಸರಿದು ಉಳಿದ ಪಾತ್ರದಲ್ಲಿ ಮರಳು ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು, ಯಾರೂ ಏನೂ ಬರೆಯದೆ. ಅವಳು ಮುಖ ತಿರುಗಿಸಿಕೊಂಡಳು.

ಮುನವ್ವರ ಬೇಗಂ ಬಂದದ್ದು ಹೋದ ವರ್ಷ ರಂಜಾನಿಗೆ ಮುಂಚೆ. ಮಗಳು ಫರಹತಳನ್ನು ಸರಕಾರಿ ಸಾಲಿಯಿಂದ ಬಿಡಿಸಿ ಹೊಸ ಸಾಲಿಗೆ ಹಾಕಿದ್ದು ಪ್ರಮಿಲಾಳ ಮಾತಿನ ಮೇಲೆ. ಮೊದಲ ವರ್ಷ ಮನೆಮನೆಗೆ ಹೋಗಿ ಕರೆದವಳು ಅವಳೇ, ಹೊರದೇಶದವರ ಪಾಠ, ಪುಣ್ಯ ಮಾಡಿದವರಿಗೆ ಸಿಗುತ್ತದೆ ಎಂದಿದ್ದಳು. ಎರಡು ವರ್ಷದ ಮೇಲೆ ಮುನವ್ವರ ಸಾಲಿಯ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತು, ಹುಡುಗಿ ಬಸ್ಸಿನ ಬೋರ್ಡು ಓದುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದಳು. ಅಂದು ಪ್ರಮಿಲಾಳಿಗೆ ತಲೆನೋವಿತ್ತು. ಅಂದೇ ಆಶೀಷ ಬಂದು ಹೋಗಿದ್ದ. ಮೂವತ್ತೊಂದರಲ್ಲಿ ಒಬ್ಬರೂ ಓದುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಿವಿ ಇನ್ನೂ ತುಂಬಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಮನೆಯಲ್ಲಿ ಅಕ್ಷರವಿಲ್ಲದ ಮಕ್ಕಳು ಎಂದೂ ಹೇಳಿಕೊಳ್ಳುತ್ತಿದ್ದಳು. ತಾಯಿ ಎದುರಿಗೆ ನಿಂತಾಗ ಟ್ಯಾಬಿನ ಮೇಲೆ ಅನುಮಾನ ಪಡುವುದಕ್ಕಿಂತ ಹುಡುಗಿಯ ಮೇಲೆ ಅನುಮಾನ ಪಡುವುದು ಸುಲಭವಾಯಿತು. “ಎಲ್ಲಾರ ತಲಿಗೂ ಅಕ್ಷರ ಹತ್ತೂದಿಲ್ಲ ಮುನವ್ವರ. ಹೊಲಿಗಿ ಕಲಸು” ಎಂದಿದ್ದಳು. ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದ್ದಳು. ಮುನವ್ವರ, ಖರೇ ಹೇಳಿದ್ರಿ ಬಾಯಿ, ಬ್ಯಾರೆಯವರು ಸುಳ್ಳ ಹೇಳಿ ಕೂಡಿಸಿಕೊಂತಾರ ಎಂದು ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡು ಹೋಗಿದ್ದಳು. ಮರುದಿನದಿಂದ ಫರಹತಳ ಜಾಗ ಖಾಲಿ.

ಸಂತಪುರದಲ್ಲಿ ಇಳಿದಾಗ ಐದು ದಾಟಿತ್ತು. ತಣ್ಣನೆಯ ಗಾಳಿ ಬೀಸುತ್ತಿತ್ತು, ಚೀಲಕ್ಕೆ ಸೇರದ ಶಾಲನ್ನು ಅವಳು ಹೊದ್ದುಕೊಂಡೇ ನಡೆದಳು. ಕೋಣೆಗೆ ಹೋಗಿ ಕೈಕಾಲು ತೊಳೆದು ನಾಳೆ ಯೋಚಿಸಬಹುದಿತ್ತು. ನಾಳೆ ಎಂದುಕೊಂಡರೆ ನಾಡಿದ್ದಾಗುತ್ತದೆ ಎಂಬುದು ತನ್ನ ಬಗ್ಗೆ ಅವಳಿಗೆ ಇವತ್ತಷ್ಟೇ ತಿಳಿದಿತ್ತು. ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂರನೇ ಮನೆ. ಮುನವ್ವರ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆಯಿಂದ ಹರಳು ಆರಿಸುತ್ತಿದ್ದಳು. ಮಿಲ್ಲಿನವರು ಚೀಲ ಕೊಟ್ಟು ಹೋಗುತ್ತಾರೆ. ಶಾಲು ನೋಡಿ ಎದ್ದು ನಿಂತಳು.

“ಬರ್ರಿ ಬಾಯಿ, ಬರ್ರಿ. ಯಾರ್ ಹೊದಿಸ್ಯಾರ್ರಿ? ಬೀದರದಾಗೇನು? ಮಾಶಾಲ್ಲಾ, ನಿಮಗ ಹೊದಿಸ್ದೆ ಯಾರಿಗೆ ಹೊದಸ್ತಾರ.” ಒಳಗೆ ತಿರುಗಿ, “ಫರಹತ, ಬಾಯಿಯವ್ರಿಗೆ ಇನಾಮ ಸಿಕ್ಕದ. ಬಾ ಇಲ್ಲಿ,” ಎಂದು ಕೂಗಿ ಒಲೆಗೆ ಚಹಾ ಇಟ್ಟು, ಪ್ರಮಿಲಾಳನ್ನು ಕೂಡಿಸಿ, ತಾನು ಮತ್ತೆ ಮೊರದ ಮುಂದೆ ಕೂತಳು.

ಫರಹತ ಬಂದಳು. ಹತ್ತು ವರ್ಷ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಬೆರಳಿಗೆ ಸೂಜಿ ಚುಚ್ಚಿದ ಗುರುತುಗಳು. ಬಾಯಿಯವರನ್ನು ನೋಡಿ ನಾಚಿ, ಒಳಗೆ ಓಡಿ, ಒಂದು ಪುಸ್ತಕ ಹಿಡಿದುಕೊಂಡು ಮತ್ತೆ ಬಂದಳು. ಹೊಸ ಸಾಲಿಯ ಚಿತ್ರದ ಪುಸ್ತಕ, ಬಟ್ಟೆಯ ಹೊದಿಕೆ ಹೊಲಿದು ಜೋಪಾನ ಮಾಡಿದ್ದು. ದಿನಾ ಓದುತ್ತಾಳೆ, ಹೊಲಿಯುತ್ತ ಕೂಡ ಓದುತ್ತಾಳೆ, ಕೇಳಿರಿ ಎಂದು ತಾಯಿ ಹೇಳಿದಳು. ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತು ಪುಸ್ತಕ ತೆರೆದು ಓದತೊಡಗಿದಳು. “ಮುಳ್ಳುಹಂದಿ ಮರಿಗೆ ನಾಲ್ಕು ಹಳದಿ ಬೂಟುಗಳಿದ್ದವು. ಮೂರು ಎಣಿಸುವವರೆಗೆ ತಡೆಯಿರಿ.” ತಡೆದಳು. “ಮಕ್ಕಳ ಕಡೆ ನೋಡಿ ನಗಿರಿ.” ತಲೆ ಎತ್ತಿ ಪ್ರಮಿಲಾಳ ಕಡೆ ನೋಡಿ ನಕ್ಕಳು. ಅದು ಪ್ರಮಿಲಾಳದೇ ನಗು, ಸಾಲಿಯ ನಗು, ತುಟಿ ಮಾತ್ರ ಅರಳಿ ಕಣ್ಣು ಗಡಿಯಾರದ ಕಡೆಗಿರುವ ನಗು. ದನಿಯೂ ಅವಳದೇ, ಹಿಮ ಎನ್ನುವಾಗ ಹಿ ಎಳೆಯುವುದು, ಬೂಟು ಎನ್ನುವಾಗ ಮರಾಠಿಯ ಒತ್ತು. ಪುಟ ತಿರುವಬೇಕಾದಲ್ಲಿ ತಿರುವಿದಳು. ಒಂದು ಪದ ತಪ್ಪಲಿಲ್ಲ. ಒಂದು ವರ್ಷದ ಹಿಂದೆ ಬಿಟ್ಟ ಸಾಲಿಯ ಹನ್ನೆರಡು ಪುಟದ ಕತೆಯನ್ನು ಅದರ ಸೂಚನೆಗಳ ಸಮೇತ ಈ ಹುಡುಗಿ ಹೊತ್ತುಕೊಂಡಿದ್ದಳು. ಅಕ್ಷರ ಹತ್ತದ ತಲೆ.

ಕೊನೆಯ ಪುಟಕ್ಕೆ ಮುಂಚೆ ಪ್ರಮಿಲಾ ಕೈ ಚಾಚಿ ಅವಳನ್ನು ಹತ್ತಿರ ಕರೆದಳು. ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನವ್ವ ಎಂದಳು. ಫರಹತ ಪದವನ್ನು ನೋಡಿದಳು, ಬಾಯಿಯವರ ಮುಖ ನೋಡಿದಳು, ತುಟಿ ಅಲ್ಲಾಡಿಸುತ್ತ ಒಳಗೊಳಗೇ ಪುಟದ ಮೊದಲಿನಿಂದ ಹೇಳಿಕೊಳ್ಳುತ್ತ ಬಂದಳು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ದಾಟಿ ಹೋದಳು. ಮತ್ತೆ ಮೊದಲಿನಿಂದ. ಕಿವಿಗಳು ಕೆಂಪಾದವು. ಇರಲಿ ಬಿಡು ಎಂದು ಪ್ರಮಿಲಾ ಬೆರಳು ತೆಗೆದಳು. ಬೆರಳಿನ ಕೆಳಗಿದ್ದುದು ಬೂಟು.

“ಮುನವ್ವರ, ಹೋದ ವರ್ಷ ನಾ ನಿನಗೊಂದು ಮಾತು ಹೇಳಿದ್ದೆ,” ಎಂದಳು. “ಅದು ಸುಳ್ಳು. ಹುಡುಗಿ ತಲಿ ಛಲೋ ಅದ. ಓದ್ಸೂ ಪಾಠ ನಮ್ಮ ಟ್ಯಾಬಿನ್ಯಾಗ ಇಟ್ಟಿರ್ಲಿಲ್ಲ. ಬೇಕಂತಲೇ ಇಟ್ಟಿರ್ಲಿಲ್ಲ. ಅರ್ಧ ಸಾಲಿಗೆ ಕೊಟ್ಟು ಅರ್ಧಕ್ಕ ಕೊಡ್ದೆ, ಏನಾಗ್ತದ ಅಂತ ನೋಡ್ಯಾರ.”

ಮುನವ್ವರಳ ಬೆರಳುಗಳು ಮೊರದಲ್ಲಿ ನಿಂತವು. “ನಮ್ದು ಕೊಡಲಾರದ ಸಾಲಿ.”

“ಹೂಂ.”

“ನಿಮಗ ಗೊತ್ತಿತ್ತೇನ್ರಿ?”

“ಇಲ್ಲ. ಇವತ್ತೇ ಗೊತ್ತಾತು.” ಈ ಪ್ರಶ್ನೆಗಾಗಿಯೇ ತಾನು ಬಂದೆನೇನೋ ಎನ್ನುವಷ್ಟು ಬೇಗ ಉತ್ತರ ಹೊರಟಿತ್ತು. ತನ್ನ ದನಿಯಲ್ಲಿದ್ದ ನಿರಾಳವನ್ನು ಅವಳು ತಾನೇ ಕೇಳಿಸಿಕೊಂಡಳು. ಮರೈಕೆ ಮ್ಯಾಡಂರ ಹೆಸರು, ಚೀಟಿ ಎತ್ತಿದ್ದು, ಎಕಂಬಾದ ತಟ್ಟೆ ಎಲ್ಲವೂ ಬಾಯಿಗೆ ಬಂದು ಸಾಲುಗಟ್ಟಿ ನಿಂತವು. ತನಗಾದ ಮೋಸವನ್ನು ಇವಳ ಮುಂದೆ ಬಿಡಿಸಿಟ್ಟು ಇಬ್ಬರೂ ಸೇರಿ ಅತ್ತರೆ ಆಯಿತು. ಮುನವ್ವರ ಮೊರವನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಸರಿಯಾಗಿ ತಿಳಿದುಕೊಳ್ಳಬೇಕೆಂಬ ಕಷ್ಟ ಇತ್ತು.

“ಅವ್ರು ಇಟ್ಟಿರ್ಲಿಲ್ಲ, ಖರೇ. ಅವ್ರು ಯಾರೋ, ನನಗ ಗುರ್ತಿಲ್ಲ,” ಎಂದಳು. “ನೀವು ಭಾಲ್ಕಿದಾಗ ಇಷ್ಟು ವರ್ಷ ಕಲಿಸೀರಿ ಅಂದಿದ್ರಿ. ನಿಮಗ ಬರ್ತಿರ್ಲಿಲ್ಲೇನ್ರಿ ಬಾಯಿ, ಓದಸ್ಲಾಕ?”

ಹದಿನೆಂಟು ವರ್ಷ ಕಲಿಸಿದ ಮಕ್ಕಳು ಪ್ರಮಿಲಾಳ ನೆನಪಿನಲ್ಲಿ ಒಬ್ಬೊಬ್ಬರಾಗಿ ತಟ್ಟೆಯ ಮುಂದೆ ಕೂತು ತಮ್ಮ ತಾಯಂದಿರ ಹೆಸರು ಬರೆದು ಊದಿ ಎದ್ದುಹೋದರು. ಮುನವ್ವರ ಎಂದು ಬರೆಯುವುದು ಕಷ್ಟವೇನಲ್ಲ. ನಡುವಿನ ಒತ್ತಿನಲ್ಲಿ ಮಾತ್ರ ಮಣಿಕಟ್ಟು ಸ್ವಲ್ಪ ಬಿಗಿ ಹಿಡಿಯಬೇಕು.

“ಬರ್ತಿತ್ತು,” ಎಂದಳು.

ಮುನವ್ವರ ಎದ್ದು ಹೋಗಿ ಒಲೆ ಆರಿಸಿದಳು. ಚಹಾ ಇನ್ನೂ ಕುದಿ ಬಂದಿರಲಿಲ್ಲ. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಅಲ್ಲಿಯೇ, ಬೆನ್ನು ಈ ಕಡೆ ಮಾಡಿ ನಿಂತುಕೊಂಡಳು.

ಏಳಬೇಕೆಂದು ಪ್ರಮಿಲಾಳಿಗೆ ಗೊತ್ತಿತ್ತು. ಆದರೂ ಕೂತೇ ಇದ್ದಳು. ಇಬ್ಬರು ದೊಡ್ಡವರ ನಡುವೆ ಏನಾಯಿತೆಂದು ತಿಳಿಯದ ಫರಹತ ಒಮ್ಮೆ ತಾಯಿಯ ಬೆನ್ನನ್ನೂ ಒಮ್ಮೆ ಬಾಯಿಯವರನ್ನೂ ನೋಡಿದಳು. ತಾನು ಆ ಪದಕ್ಕೆ ಉತ್ತರ ಹೇಳದೆ ಹೋದದ್ದಕ್ಕೇ ಹೀಗಾಯಿತು ಎಂದುಕೊಂಡಿರಬೇಕು. ಪುಸ್ತಕವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಉಳಿದಿದ್ದ ಕೊನೆಯ ಪುಟವನ್ನು ತಿರುವಿ, ಮೊದಲಿಗಿಂತ ಗಟ್ಟಿಯಾಗಿ, ಇನ್ನೂ ಸ್ಪಷ್ಟವಾಗಿ ಓದಿದಳು.

“ಬೂಟು ಸಿಕ್ಕಿತು. ಎಲ್ಲರಿಗೂ ಸಂತೋಷವಾಯಿತು. ಪುಸ್ತಕ ಮುಚ್ಚಿರಿ. ಈಗ ಎಲ್ಲರೂ ಸೇರಿ ಚಪ್ಪಾಳೆ ತಟ್ಟಿರಿ.”

ಪುಸ್ತಕವನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಫರಹತ ಒಬ್ಬಳೇ ತಟ್ಟತೊಡಗಿದಳು, ಕಣ್ಣು ಬಾಯಿಯವರ ಮೇಲಿಟ್ಟು, ಕಾಯುತ್ತ. ಶಾಲಿನ ಕೆಳಗೆ ಪ್ರಮಿಲಾಳ ಎರಡು ಕೈಗಳು, ಯಾರನ್ನೂ ಕೇಳದೆ, ಮೇಲೆದ್ದವು.